ಮಡಿಕೆಯ ಅಂಚಿನಲ್ಲಿ ಕಂಡದ್ದು

ತಂದೆ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮಕ್ಕಳಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಅಣ್ಣ ಕಾರು ಓಡಿಸಲು ಕಲಿಸುವ ಮೇಷ್ಟ್ರು; ಇವತ್ತು ನಾಳೆ ಎನ್ನುತ್ತಾ ಆರು ವರ್ಷ ಜಾರಿಕೊಂಡ. ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲೇ ನರ್ಸಾಗಿದ್ದ ತಂಗಿ ಕೊನೆಗೆ ಅವನನ್ನು ಎಳೆದು ತಂದಳು.

ಹೊಟ್ಟೆ ತೊಳೆಯುವ ಔಷಧಿ ಕುಡಿದು ಸುಸ್ತಾಗಿದ್ದ ಅಣ್ಣ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ.

“ಇದೇನೇ, ಎರಡೆರಡು ಟಿವಿ?”

“ಒಂದು ಕಂಪ್ಯೂಟರಿಂದು ಕಣಣ್ಣ. ಕ್ಯಾಮೆರಾ ಒಳಗೆ ಹೋದಾಗ ಅದೂ ಚಿತ್ರ ನೋಡ್ತಿರುತ್ತೆ. ಗಂಟು ಥರ ಏನಾದ್ರೂ ಕಂಡ್ರೆ ಸುತ್ತ ಹಸಿರು ಚೌಕ ಹಾಕುತ್ತೆ.”

“ಹಾಗಾದ್ರೆ ಡ್ರೈವರ್ ಯಾರು, ಅದೋ ಡಾಕ್ಟ್ರೋ?”

“ಸ್ಟಿಯರಿಂಗ್ ನನ್ ಕೈಲೇ ಇರುತ್ತೆ ಮೇಷ್ಟ್ರೇ,” ಎಂದರು ಡಾಕ್ಟರಮ್ಮ, ಕೈಗವಸು ಹಾಕಿಕೊಳ್ಳುತ್ತಾ. “ಅದು ನಿಮ್ಮ ಥರ, ಪಕ್ಕದ ಸೀಟಲ್ಲಿ ಕೂತಿರುತ್ತೆ.”

ಮಂಪರಿನ ಇಂಜೆಕ್ಷನ್ ಬಿದ್ದಾಗ ಅವನು ಇನ್ನೂ ನಗುತ್ತಿದ್ದ.

ಕ್ಯಾಮೆರಾದ ಕೊಳವೆ ಕರುಳಿನ ತುದಿ ಮುಟ್ಟಿ ನಿಧಾನವಾಗಿ ಹಿಂದೆ ಬರತೊಡಗಿತು. ಎರಡು ಸಲ ಚೌಕ ಕಂಡಿತು. ಎರಡೂ ಸಲ ಬರೀ ನೊರೆ. ಮೂರನೆಯ ಸಲ ಕರುಳಿನ ಗೋಡೆಯ ಒಂದು ಮಡಿಕೆಯ ಅಂಚಿನಲ್ಲಿ ಮಿನುಗಿ ಮಾಯವಾಯಿತು. ಡಾಕ್ಟರಮ್ಮ ಅಷ್ಟರಲ್ಲಿ ದಾಟಿದ್ದರು.

“ಮೇಡಂ, ಅದನ್ನ ಇನ್ನೊಂದ್ಸಲ ನೋಡೋಣ್ವಾ?” ಎಂದಳು ತಂಗಿ.

“ನೊರೆ ಅನ್ಸುತ್ತೆ. ಇರಲಿ, ನೀರು ಬಿಡಿ.”

ನೀರಿಗೆ ನೊರೆ ಹೋಯಿತು. ಮಡಿಕೆ ಸರಿಸಿದಾಗ ಸುತ್ತಲಿನದೇ ಬಣ್ಣದ, ಉಗುರಿನಗಲದ ಚಪ್ಪಟೆ ಗಂಟು. ಚೌಕ ಈಗ ಕದಲಲಿಲ್ಲ. ಮುಂದೆ ಕ್ಯಾನ್ಸರಾಗಬಹುದಾದ ಜಾತಿಯ ಪಾಲಿಪ್ ಎಂದು ಕಂಪ್ಯೂಟರ್ ಸೂಚಿಸಿತು.

“ನಂಗೂ ಹಾಗೇ ಅನ್ಸುತ್ತೆ. ಕೊನೇ ಮಾತು ಲ್ಯಾಬಿಂದು. ತೆಗೆದ್ಬಿಡೋಣ,” ಎಂದರು ಡಾಕ್ಟರಮ್ಮ.

ಎಷ್ಟೋ ಜನರ ಗಂಟಿಗೆ ತಂತಿಯ ಕುಣಿಕೆ ಬಿಗಿದಿದ್ದ ತಂಗಿ ಅಂದು ಅಣ್ಣನ ಗಂಟಿಗೆ ಬಿಗಿದಳು. ಗಂಟು ಪೂರ್ತಿ ಬಂತು.

ವರದಿ ಬರುವವರೆಗಿನ ಐದು ದಿನ ಅವಳಿಗೆ ಅನ್ನ ಸೇರಲಿಲ್ಲ. ಆರನೆಯ ದಿನ ಅಣ್ಣನ ಕಾರಿನ ಪಕ್ಕ ನಿಂತು ಓದಿ ಹೇಳಿದಳು: “ಕ್ಯಾನ್ಸರ್ ಅಲ್ಲ. ಬಿಟ್ಟಿದ್ರೆ ಮುಂದೆ ಆಗ್ಬಹುದಿತ್ತು.”

ಅಣ್ಣ ವರದಿಯನ್ನು ತನ್ನ ಕೈಗೆ ತೆಗೆದುಕೊಂಡ.

“ಅಪ್ಪಂಗೂ ಹೀಗೇ ಶುರುವಾಗಿತ್ತೇನೋ.”

“ಇರ್ಬೇಕು.”

“ಅದ್ಸರಿ, ನೀನು ಯಾವಾಗ ಮಾಡಿಸ್ಕೊಂಡೆ?”

ದಿನಕ್ಕೆ ಎಂಟು ಜನರನ್ನು ಆ ಮಂಚ ಹತ್ತಿಸುವವಳು ತಾನು ಮಾತ್ರ ಪುರುಸೊತ್ತಿಲ್ಲವೆಂದು ತಪ್ಪಿಸಿಕೊಂಡೇ ಬಂದಿದ್ದಳು.

“ಹೆದರಿಕೆ ಕಣಣ್ಣ,” ಎಂದಳು ಮೆಲ್ಲಗೆ. “ನಂಗೆ ಎಲ್ಲಾ ಗೊತ್ತಲ್ಲ, ಅದೇ ಕಷ್ಟ.”

“ನಾನು ಜೊತೆಗಿರ್ತೀನಿ. ನಡಿ, ಈಗ್ಲೇ ದಿನ ಗೊತ್ತು ಮಾಡ್ಸೋಣ.”

ಮುಂದಿನ ಬುಧವಾರ ಪರೀಕ್ಷೆ ಮುಗಿದು ಅವಳಿಗೆ ಎಚ್ಚರವಾದಾಗ ಅಣ್ಣ ಪಕ್ಕದಲ್ಲೇ ಬಿಸ್ಕತ್ತಿನ ಪೊಟ್ಟಣ ಬಿಡಿಸುತ್ತಾ ಕೂತಿದ್ದ.

“ಏನೂ ಇಲ್ವಂತೆ,” ಎಂದ. “ಏಳು, ಒಂದು ತಿನ್ನು.”