ಒಂದೊಂದು ಕೂದಲೂ ಬೇರೆ ಬೇರೆ

ನನ್ನ ಕೆಲಸ ಸೋಫಾ ರಿಪೇರಿ. ಹರಿದ ಬಟ್ಟೆ ಕಿತ್ತು ಹೊಸದು ಹೊಲಿಯುವುದು, ಕುಸಿದ ಸ್ಪ್ರಿಂಗು ಬದಲಿಸುವುದು, ಸ್ಪಾಂಜು ತುಂಬುವುದು. ಸ್ಪಾಂಜಿನ ವಿಷಯಕ್ಕೆ ಗಿರಾಕಿಗಳ ಜೊತೆ ದಿನಾ ಜಗಳ. ಅವರಿಗೆ ಮೇಲಿನ ಬಟ್ಟೆಯ ಬಣ್ಣದ್ದೇ ಚಿಂತೆ. "ಅಲ್ಲಾ ತಾಯಿ, ನೀವು ಕೂರೋದು ಬಣ್ಣದ ಮೇಲಲ್ಲ, ಸ್ಪಾಂಜಿನ ಮೇಲೆ" ಎಂದು ಬಾಯಿ ಬಡಿದುಕೊಳ್ಳುತ್ತೇನೆ. ಅಗ್ಗದ ಸ್ಪಾಂಜಿನ ಮೇಲೆ ಒಂದು ವರ್ಷ ಕೂತರೆ ಸಾಕು, ಅದು ಕೂತವರ ಆಕಾರಕ್ಕೆ ತಗ್ಗಿ ಹಾಗೇ ಉಳಿದುಬಿಡುತ್ತದೆ. ಒಳ್ಳೆಯದು ಹಾಗಲ್ಲ. ಕೂತವರು ಎದ್ದರೆ ತಾನೂ ಏಳುತ್ತದೆ, ಅಲ್ಲಿ ಯಾರೂ ಕೂತೇ ಇರಲಿಲ್ಲ ಎನ್ನುವ ಹಾಗೆ.

ನನ್ನ ಮನೆಯ ಸೋಫಾ ಇಬ್ಬರು ಕೂರುವಂಥದ್ದು. ಕೆಲಸದಲ್ಲಿ ಉಳಿದ ತುಂಡುಗಳಿಂದ ಹೊಲಿದದ್ದರಿಂದ ಎಡಗಡೆ ಕಂದು, ಬಲಗಡೆ ಹಸಿರು. ಕಂದು ನನ್ನದು, ಹಸಿರು ನನ್ನ ಮಗಳದು. ಅವಳ ಕಡೆಗೆ ಅಂಗಡಿಯಲ್ಲಿದ್ದ ಅತ್ಯುತ್ತಮ ಸ್ಪಾಂಜು ಹಾಕಿದ್ದೆ. ನನ್ನ ಕಡೆಗೆ ಇದ್ದಬದ್ದದ್ದು.

ಮಗಳನ್ನು ನಾನು ಕರೆಯುವುದು ತರಲೆ ಎಂದು. ಅವಳು ಇರುವುದು ಅವಳಮ್ಮನ ಜೊತೆ. ಅವಳಮ್ಮ ನನ್ನನ್ನು ಬಿಟ್ಟು ಹಲ್ಲಿನ ಡಾಕ್ಟರೊಬ್ಬನನ್ನು ಮದುವೆಯಾಗಿದ್ದಾಳೆ. ಬೈಯೋಣವೆಂದರೆ ಆ ಮನುಷ್ಯ ಬೈಗುಳಕ್ಕೂ ಸಿಗುವುದಿಲ್ಲ. ತರಲೆ ಅವನನ್ನು ಅಂಕಲ್ ಎನ್ನುತ್ತಾಳೆ. ಕಂಡಾಗಲೆಲ್ಲ ನಿಂತು ಮಾತಾಡಿಸುತ್ತಾನೆ. ಒಮ್ಮೆ ನನ್ನ ದವಡೆ ಹಲ್ಲು ಪುಕ್ಕಟೆ ಕಿತ್ತುಕೊಟ್ಟ, ಅದೂ ನೋವಾಗದ ಹಾಗೆ. ಇಂಥವನನ್ನು ಏನು ಮಾಡುವುದು ಹೇಳಿ.

ಭಾನುವಾರ ತರಲೆ ನನ್ನವಳು ಎಂದು ಒಪ್ಪಂದ. ಆದರೆ ಅವಳಿಗೆ ಹನ್ನೆರಡು ತುಂಬಿದ ಮೇಲೆ ಅವಳಮ್ಮ ಒಂದು ಮಾತು ಸೇರಿಸಿದಳು: "ಅವಳಿಗೆ ಇಷ್ಟ ಇದ್ರೆ ಬರ್ತಾಳೆ, ಬಲವಂತ ಬೇಡ." ನ್ಯಾಯವಾದ ಮಾತೇ. ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತದ್ದೂ ಅದೇ ಮಾತು.

ಭಾನುವಾರ ನಾವು ಮಾಡುತ್ತಿದ್ದದ್ದು ಎರಡೇ ಕೆಲಸ. ಮೊದಲನೆಯದು ತಲೆ ಬಾಚುವುದು. ಎರಡು ಬಸ್ಸು ಬದಲಿಸಿ, ಕಿಟಕಿ ಪಕ್ಕವೇ ಕೂತು ಬರುವ ಹುಡುಗಿ, ಕೂದಲೆಲ್ಲ ಸಿಕ್ಕುಸಿಕ್ಕು. ನನ್ನ ಮುಂದೆ ನೆಲದ ಮೇಲೆ ಕೂತು "ಎಳೀಬೇಡ, ಎಳೀಬೇಡ" ಎಂದು ಬಾಚಣಿಗೆ ತಾಗುವ ಮೊದಲೇ ಶುರುಮಾಡುತ್ತಿದ್ದಳು. ಎರಡನೆಯದು ವಿಡಿಯೋ ಗೇಮು.

ಹಳೆಯ ಮಿಷನ್ನು, ಹಳೆಯ ಆಟ. ಇಬ್ಬರು ಸೇರಿ ಒಂದು ಬೆಟ್ಟ ಹತ್ತಬೇಕು, ನಡುವೆ ಸೊಂಟದಿಂದ ಸೊಂಟಕ್ಕೆ ಒಂದು ಹಗ್ಗ. ಟಿವಿ ಪರದೆ ನಟ್ಟನಡುವೆ ಗೆರೆ ಬಿದ್ದು ಎರಡಾಗುತ್ತಿತ್ತು. ಎಡಗಡೆ ನನಗೆ ಕಾಣುವ ಬೆಟ್ಟ, ಬಲಗಡೆ ಅವಳಿಗೆ ಕಾಣುವ ಬೆಟ್ಟ. ಒಬ್ಬರು ಜಾರಿ ಬಿದ್ದರೆ ಇನ್ನೊಬ್ಬರು ಹತ್ತಿರ ಹೋಗಿ ಬಟನ್ ಒತ್ತಿ ಎತ್ತಬೇಕು. ಬಿದ್ದಾಗಲೆಲ್ಲ ತರಲೆ ಕೂಗುತ್ತಿದ್ದದ್ದು ಒಂದೇ ಮಾತು: "ಅಪ್ಪಾ, ಎತ್ಕೋ!" ಎರಡು ವರ್ಷದವಳಿದ್ದಾಗ ಕೈ ಚಾಚಿ ಹೇಳುತ್ತಿದ್ದಳಲ್ಲ, ಅದೇ ಮಾತು, ಅದೇ ರಾಗ. ಅರ್ಧ ಸಲ ಬೇಕೆಂದೇ ಬೀಳುತ್ತಿದ್ದಳು. ನನ್ನ ಕಡೆಯ ಪರದೆಗೆ ಇಣುಕುತ್ತಿದ್ದಳು, ಮೊಣಕೈಯಲ್ಲಿ ತಿವಿಯುತ್ತಿದ್ದಳು, ಕಾಲು ತಣ್ಣಗಾದರೆ ಪಾದಗಳನ್ನು ನನ್ನ ತೊಡೆಯ ಕೆಳಗೆ ತೂರಿಸುತ್ತಿದ್ದಳು. ಅಷ್ಟಾದರೆ ನನ್ನ ವಾರಕ್ಕೆ ಸಾಕಾಗುತ್ತಿತ್ತು.

ಆಟದ ಚಿತ್ರಗಳು ಮಾತ್ರ ದೇವರಿಗೇ ಪ್ರೀತಿ. ಮನುಷ್ಯರ ಮುಖ ಇಟ್ಟಿಗೆಗೆ ಕಣ್ಣು ಬರೆದ ಹಾಗೆ. ಒಂದೇ ಮರವನ್ನು ಬೆಟ್ಟದ ತುಂಬ ನೆಟ್ಟಿದ್ದರು. ಮೊದಮೊದಲು ಅದನ್ನೇ ಆಡಿಕೊಂಡು ಇಬ್ಬರೂ ನಗುತ್ತಿದ್ದೆವು. ಆಮೇಲಾಮೇಲೆ ಅವಳು ನಗುವುದನ್ನು ನಿಲ್ಲಿಸಿ ದೂರಲು ಶುರುಮಾಡಿದಳು.

"ಅಪ್ಪಾ, ಗ್ರಾಫಿಕ್ಸ್ ತುಂಬಾ ಕೆಟ್ಟದಾಗಿದೆ ಕಣೋ."

"ಗ್ರಾಫಿಕ್ಸ್ ತಗೊಂಡು ಏನು ನೆಕ್ಕೋಕಾಗತ್ತಾ? ಹತ್ತು ಸುಮ್ನೆ."

"ಇದರ ಹೊಸ ಭಾಗ ಬಂದಿದೆ ಗೊತ್ತಾ? ಫ್ರೆಂಡ್ ಮನೇಲಿ ನೋಡ್ದೆ. ಬೆಟ್ಟ ನಿಜವಾದ ಬೆಟ್ಟದ ಥರಾನೇ ಇದೆ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅವಳು ಆಟದ ನಡುವೆ ಫೋನು ನೋಡಲು ಹಿಡಿದಳು. ಹಗ್ಗದ ಈ ತುದಿಯಲ್ಲಿ ನಾನು ಜಗ್ಗುತ್ತಿದ್ದರೆ ಆ ತುದಿಯ ಇಟ್ಟಿಗೆ ಮುಖ ಸುಮ್ಮನೆ ನಿಂತಿರುತ್ತಿತ್ತು. ಒಂದು ಭಾನುವಾರ ಫೋನು ಬಂತು, ಪ್ರಾಜೆಕ್ಟ್ ಇದೆ, ಬರಲ್ಲ ಎಂದು. ಇನ್ನೊಂದು ಭಾನುವಾರ ತಲೆನೋವು. ಅವಳಿಗೆ ಇಷ್ಟವಿಲ್ಲದಿದ್ದರೆ ನನಗೆ ಭಾನುವಾರವೇ ಇಲ್ಲ.

ನನ್ನ ಅಂಗಡಿಯನ್ನು ಹಂಚಿಕೊಂಡಿರುವ ಮರಗೆಲಸದ ಅಣ್ಣ ಕುರ್ಚಿಯ ಕಾಲಿಗೆ ಉಜ್ಜುಕಾಗದ ಉಜ್ಜುತ್ತ ಎಲ್ಲ ಕೇಳಿಸಿಕೊಂಡ. "ಕಾಲಕ್ಕೆ ತಕ್ಕ ಕೋಲ ಮಾರಾಯ. ಮಕ್ಕಳು ಕೇಳಿದ್ದು ಬೆಟ್ಟ ತಾನೆ, ಕೊಡ್ಸಿ ಬಿಸಾಕು" ಎಂದ.

ಸರಿ, ಒಂದು ನಾಟಕದ ಹಾಲಿನ ಕುರ್ಚಿಗಳಿಗೆಲ್ಲ ಹೊಸ ಬಟ್ಟೆ ಹಾಕುವ ಕೆಲಸ ಒಪ್ಪಿಕೊಂಡೆ. ಬೆನ್ನು ಬಿದ್ದುಹೋಯಿತು. ಕೆಲಸ ಮುಗಿದ ದಿನವೇ ಗೇಮಿನ ಅಂಗಡಿಗೆ ಹೋದೆ. ಅಂಗಡಿಯವನು ಗೋಡೆಯಗಲದ ಟಿವಿಯಲ್ಲಿ ಆ ಹೊಸ ಆಟ ಹಚ್ಚಿ ನನ್ನನ್ನು ಮುಂದೆ ನಿಲ್ಲಿಸಿದ.

"ಗ್ರಾಫಿಕ್ಸ್ ನೋಡಿ ಸಾರ್! ಆ ಹುಡುಗಿ ತಲೆ ನೋಡಿ. ಒಂದೊಂದು ಕೂದಲೂ ಬೇರೆ ಬೇರೆ ಅಲ್ಲಾಡತ್ತೆ."

ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಮಂಜಿನೊಳಗಿಂದ ಬಿಸಿಲು ಬರುತ್ತಿತ್ತು. ಕಲ್ಲಿನ ಮೇಲಿನ ಪಾಚಿಗೆ ಕೈ ಹಾಕಿದರೆ ಒದ್ದೆಯಾಗುತ್ತದೇನೋ ಅನ್ನಿಸಿತು. ಗಾಳಿ ಬೀಸಿದರೆ ಹುಡುಗಿಯ ಕೂದಲು ಹಣೆಯ ಮೇಲೆ ಬಿದ್ದು, ಕೆನ್ನೆ ತಾಗಿ, ಹಿಂದೆ ಹೋಗುತ್ತಿತ್ತು. ಥೇಟ್ ಬಸ್ಸಿಳಿದು ಬರುವ ನನ್ನ ತರಲೆ.

"ಇಬ್ರು ಆಡ್ಬಹುದಲ್ವಾ?" ಎಂದೆ.

"ಧಾರಾಳವಾಗಿ ಸಾರ್."

"ಹಾಗಾದ್ರೆ ಮಿಷನ್ನು, ಆಟ ಎರಡೂ ಕಟ್ಟಿ. ಜೊತೆಗೆ ಇನ್ನೊಂದು ರಿಮೋಟು ಕೊಡಿ. ಹಸಿರು ಬಣ್ಣದ್ದು."

ಕೊಟ್ಟ. ಪಾಪ, ನಗುನಗುತ್ತಲೇ ಕೊಟ್ಟ.

ಆ ಭಾನುವಾರ ತರಲೆ ಬಂದಳು. ಹೊಸ ಮಿಷನ್ನು ನೋಡಿ ಬಾಗಿಲಲ್ಲೇ ಕಿಟಾರನೆ ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವಳು ನನ್ನನ್ನು ಹಾಗೆ ಹಿಡಿದು ಎಷ್ಟು ಕಾಲವಾಗಿತ್ತೋ. ತಲೆ ಬಾಚಿಸಿಕೊಳ್ಳಲೂ ನಿಲ್ಲದೆ ಹಸಿರು ಕಡೆ ಹಾರಿ ಕೂತಳು, ನಾನು ಕಂದು ಕಡೆ ಕೂತೆ. ಬೆಟ್ಟ ಮೂಡಿತು. "ಅಯ್ಯಯ್ಯೋ ಅಪ್ಪಾ, ಅಯ್ಯಯ್ಯೋ" ಎನ್ನುತ್ತಿದ್ದಳು. ನಾನು ಪರದೆಯ ನಡುವೆ ಗೆರೆ ಬೀಳುವುದನ್ನು ಕಾಯುತ್ತಿದ್ದೆ.

ಬೀಳಲಿಲ್ಲ. ನನ್ನ ಕೈಯ ರಿಮೋಟಿನಲ್ಲಿ ದೀಪವೇನೋ ಮಿಣಮಿಣ ಎನ್ನುತ್ತಿತ್ತು, ಒತ್ತಿದರೆ ಏನೂ ಇಲ್ಲ. ಸೆಟ್ಟಿಂಗ್ಸಿನ ಮೂಲೆಮೂಲೆ ಇಬ್ಬರೂ ಹುಡುಕಿದೆವು. ಕೊನೆಗೆ ಅಂಗಡಿಯವನಿಗೆ ಫೋನು ಮಾಡಿದೆ.

"ಓ, ಒಂದೇ ಟಿವೀಲಿ ಇಬ್ರಾ? ಅದು ಈ ಭಾಗದಲ್ಲಿ ಇಲ್ಲ ಸಾರ್. ಪರದೆ ಎರಡು ಮಾಡಿದ್ರೆ ಬೆಟ್ಟ, ಮಂಜು, ಕೂದಲು ಎಲ್ಲಾನೂ ಎರಡೆರಡು ಸಲ ಬಿಡಿಸ್ಬೇಕು. ಇಷ್ಟು ಗ್ರಾಫಿಕ್ಸಿಗೆ ಮಿಷನ್ನು ಒಬ್ಬರಿಗೆ ಬಿಡಿಸೋದ್ರಲ್ಲೇ ಏದುಸಿರು ಬಿಡತ್ತೆ. ಅದಕ್ಕೇ ತೆಗೆದಿದ್ದಾರೆ. ಇಬ್ರು ಆಡ್ಬೇಕಂದ್ರೆ ಇಬ್ರಿಗೂ ಬೇರೆ ಬೇರೆ ಟಿವಿ, ಬೇರೆ ಬೇರೆ ಮಿಷನ್ನು, ಆನ್‌ಲೈನು."

"ಅಂದ್ರೆ? ಕೂದಲಿಗೋಸ್ಕರ ನನ್ನ ತೆಗೆದುಹಾಕಿದ್ರಾ?" ಎಂದು ಅರಚಿದೆ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರಂತೆ! ಇಬ್ರು ಆಡೋ ಆಟದಲ್ಲಿ ಇಬ್ರಿಗೆ ಜಾಗ ಇಲ್ಲ, ಮತ್ತೆ ಯಾವ ಸೀಮೆ ಗ್ರಾಫಿಕ್ಸ್ರೀ ಅದು?" ತರಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನಕ್ಕಳಲ್ಲ ಎಂದು ನಾನೂ ಫೋನಿಟ್ಟು ನಕ್ಕೆ.

"ಒಂದ್ಸಲ ನಾನು, ಒಂದ್ಸಲ ನೀನು ಆಡೋಣ ಅಪ್ಪಾ" ಎಂದಳು. ಒಳ್ಳೆಯ ಹುಡುಗಿ, ಅದು ಅವಳಮ್ಮನ ಗುಣ. ನಾನು "ನೀನಾಡೇ, ನಾನು ನೋಡ್ತೀನಿ" ಎಂದೆ. ಅವಳು ನೆಲಕ್ಕಿಳಿದು ನನ್ನ ಮುಂದೆ ಕೂತು ಆಡಿದಳು, ನಾನು ಹಿಂದೆ ಕೂತು ಅವಳ ತಲೆಯ ಸಿಕ್ಕು ಬಿಡಿಸಿದೆ. ಆ ಮಧ್ಯಾಹ್ನ ಅವಳು ಒಂದು ಸಲವೂ "ಎಳೀಬೇಡ" ಎನ್ನಲಿಲ್ಲ. ಬೆಟ್ಟದಲ್ಲೇ ಇದ್ದಳು. ಸಿಕ್ಕೆಲ್ಲ ಬಿಟ್ಟ ಮೇಲೂ ನಾನು ಬಾಚುತ್ತಲೇ ಇದ್ದೆ.

ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತಿದ್ದವಳು ಫಕ್ಕನೆ ನಿಂತಳು. ಕಣ್ಣಲ್ಲಿ ಮಿಂಚು.

"ಅಪ್ಪಾ! ಅಂಕಲ್ ಹತ್ರ ಇದೇ ಮಿಷನ್ ಇದೆ ಕಣೋ! ಈ ಗೇಮ್ ನಾನೂ ಹಾಕಿಸ್ಕೋತೀನಿ. ನೀನು ಇಲ್ಲಿಂದ, ನಾನು ಅಲ್ಲಿಂದ. ಒಬ್ಬೊಬ್ಬರಿಗೂ ಪೂರ್ತಿ ಸ್ಕ್ರೀನು! ಎರಡೆರಡು ಬಸ್ಸು ಬದಲಾಯ್ಸೋ ಗೋಳೂ ಇರಲ್ಲ."

ನನಗೆ ಏನೋ ದೊಡ್ಡ ಉಡುಗೊರೆ ಕೊಡುತ್ತಿರುವವಳ ಹಾಗೆ ಮುಖ ನೋಡುತ್ತಿದ್ದಳು. ಊರಿಗೆಲ್ಲ ಬಾಯಿ ಮಾಡುವವನು ನಾನು. ಸ್ಪಾಂಜಿಗೆ ಜಗಳ, ನೂಲಿಗೆ ಜಗಳ, ಬಸ್ಸಿನ ಚಿಲ್ಲರೆಗೆ ಜಗಳ. ಬೇಡ ಕಣೇ, ನೀನು ಇಲ್ಲಿಗೆ ಬರಬೇಕು, ಆಟ ಹಾಳಾಗಿ ಹೋಗಲಿ ಎಂದು ಹೇಳುವುದಕ್ಕೆ ಆ ಬಾಯಿ ಬರಲಿಲ್ಲ.

"ಅರೆ, ನನಗೆ ಹೊಳೀಲೇ ಇಲ್ವಲ್ಲ" ಎಂದೆ.

ಅದಾದ ಮೇಲೆ ಭಾನುವಾರಗಳು ಟಿವಿಯೊಳಗೆ ಹೋದವು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಂದು ಕಡೆ ಕೂರುತ್ತೇನೆ. ಮಂಜಿನಿಂದ ಅವಳ ಬೊಂಬೆ ನಡೆದು ಬರುತ್ತದೆ. "ಹಾಯ್ ಅಪ್ಪಾ" ಎಂದು ಕಿವಿಯಲ್ಲೇ ಕೇಳುತ್ತದೆ. ಬಿದ್ದರೆ ಈಗ ಅವಳು ಏನೂ ಕೂಗುವುದಿಲ್ಲ. ಬಿದ್ದವರ ತಲೆಯ ಮೇಲೆ ಕೆಂಪು ಗುರುತು ತಾನಾಗಿ ಬರುತ್ತದೆ, ಕೂಗುವ ಅಗತ್ಯವೇ ಇಲ್ಲ. ಒಮ್ಮೆ ಧೈರ್ಯ ಮಾಡಿ, "ಹಳೇ ಆಟ ಆಡೋಣ, ಒಂದಿನ ಬಾರೇ" ಎಂದೆ.

"ಅಯ್ಯೋ ಅದಾ? ಇದನ್ನ ನೋಡಿದ್ಮೇಲೆ ಅದು ಕಣ್ಣಿಗೆ ಚುಚ್ಚತ್ತೆ ಅಪ್ಪಾ." ಮತ್ತೆ ತಾನೇ, "ಬರ್ತೀನಿ, ಪರೀಕ್ಷೆ ಮುಗೀಲಿ" ಎಂದಳು. ಪರೀಕ್ಷೆ ಮುಗಿಯಿತು. ರಜೆಯೂ ಮುಗಿಯಿತು.

ಮೊನ್ನೆ ಭಾನುವಾರ ಬೆಟ್ಟದ ತುದಿಯ ಹತ್ತಿರ ಬಂದಿದ್ದೆವು. ಅವಳನ್ನು ಯಾರೋ ಕರೆದರು.

"ಅಪ್ಪಾ, ಊಟಕ್ಕೆ ಕರೀತಿದಾರೆ. ನನ್ನ ನೋಡ್ಕೊಂಡಿರು, ಬಂದೆ."

ಹೆಡ್‌ಫೋನು ಆರಿಸಲು ಮರೆತು ಹೋದಳು. ಬಂಡೆಯ ಅಂಚಿನಲ್ಲಿ ಅವಳ ಬೊಂಬೆ ನಿಂತಿತ್ತು. ಗಾಳಿ ಜೋರಾಗಿ ಬೀಸಿ ಅದನ್ನು ಕೆಡವಿತು. ಹೋಗಿ ಎತ್ತಿದೆ. ಮತ್ತೆ ಬಿತ್ತು, ಮತ್ತೆ ಎತ್ತಿದೆ. ಗಾಳಿ ಬರುವ ಕಡೆಗೆ ನನ್ನ ಬೊಂಬೆಯನ್ನು ಅಡ್ಡ ನಿಲ್ಲಿಸಿದೆ. ಕಿವಿಯಲ್ಲಿ ಅವರ ಮನೆಯ ತಟ್ಟೆ ಚಮಚಗಳ ಸದ್ದು. ಡಾಕ್ಟರು ಏನೋ ಜೋಕು ಹೇಳಿದ, ಹಲ್ಲು ಕೀಳಿಸಿಕೊಳ್ಳಲು ಬಂದ ಪೈಲ್ವಾನನೊಬ್ಬ ಕುರ್ಚಿಯ ಕೆಳಗೆ ಅಡಗಿ ಕೂತದ್ದು. ತರಲೆ ಬಿದ್ದು ಬಿದ್ದು ನಕ್ಕಳು. ಜೋಕು ನಿಜಕ್ಕೂ ಚೆನ್ನಾಗಿತ್ತು. ನನಗೂ ನಗು ಬಂತು, ಆಮೇಲೆ ಅಳು ಬಂತು. ತಡೆಯಲಾಗದೆ ಅತ್ತೆ, ಹೆಡ್‌ಫೋನಿನ ಮೈಕನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅತ್ತೆ.

ಬೊಂಬೆಯ ಕೂದಲು ಹಾರಾಡುತ್ತಿತ್ತು. ಎದ್ದು ಟಿವಿಯ ಹತ್ತಿರ ಹೋಗಿ ನೋಡಿದೆ. ಅಂಗಡಿಯವನು ಹೇಳಿದ್ದು ಸತ್ಯ, ಒಂದೊಂದೂ ಬೇರೆ ಬೇರೆ. ಎಷ್ಟು ಗಾಳಿಗೂ ಸಿಕ್ಕು ಆಗುವುದಿಲ್ಲ. ರಿಮೋಟಿನಲ್ಲಿ ಎತ್ತುವುದಕ್ಕೆ ಬಟನ್ ಇದೆ, ಹಾರುವುದಕ್ಕಿದೆ, ಹಗ್ಗ ಎಸೆಯುವುದಕ್ಕಿದೆ. ತಲೆ ಬಾಚುವುದಕ್ಕೆ ಯಾವ ಬಟನ್ನೂ ಇಲ್ಲ.

"ಅಪ್ಪಾ, ಇದ್ದೀಯಾ?"

"ಇದ್ದೀನಿ ಕಣೇ."

"ನಾನು ಬಿದ್ನಾ?"

"ಇಲ್ಲಪ್ಪ. ನೀನು ನಿಂತೇ ಇದ್ದೆ."

"ಗುಡ್. ನಾಳೆ ಟೆಸ್ಟಿದೆ, ಆಫ್ ಮಾಡ್ತೀನಿ. ಆ ಬಿಸಿಲು ನೋಡೋ ಅಪ್ಪಾ, ಗ್ರಾಫಿಕ್ಸ್ ಸೂಪರ್ ಅಲ್ವಾ?"

"ಸೂಪರ್ ಕಣೇ" ಎಂದೆ.

ಅವಳ ಬೊಂಬೆ ಇದ್ದಲ್ಲೇ ಇಲ್ಲವಾಯಿತು. ಟಿವಿ ಆರಿಸಿ ಪಕ್ಕಕ್ಕೆ ತಿರುಗಿದೆ. ಹಸಿರು ಕಡೆ ಕೈಯಿಟ್ಟು ನೋಡಿದೆ. ಇಷ್ಟು ವರ್ಷ ಅವಳು ಕೂತಿದ್ದ ಗುರುತು ಎಳ್ಳಷ್ಟೂ ಇಲ್ಲ, ಪೂರ್ತಿ ಮೇಲೆದ್ದಿದೆ. ಒಳ್ಳೆಯ ಸ್ಪಾಂಜು, ನಾನೇ ಆರಿಸಿ ಹಾಕಿದ್ದು. ಅಗ್ಗದ್ದು ಹಾಕಬೇಕಿತ್ತು.