ಮಂಚದ ಹಿಂದಿನ ಡ್ರಮ್ಮು

ಎರಡನೆಯ ಬಿಂದಿಗೆ ತುಂಬಿಕೊಳ್ಳಲು ಬಗ್ಗಿದಾಗ ದರ್ಜಿ ಹೆಂಗಸಿಗೆ ಡ್ರಮ್ಮಿನ ನೀರಿನಲ್ಲಿ ಎಳೆಯಷ್ಟು ಸಣ್ಣ ಹುಳುಗಳು ಕುಣಿಯುವುದು ಕಂಡಿತು. ಸೆರಗಿನಲ್ಲಿ ಸೋಸಿಕೊಂಡಳು. ಮಂಚದ ಮೇಲೆ ಮಗಳು ಜ್ವರದ ನಿದ್ದೆಯಲ್ಲಿ ಹೊರಳಿದಳು. ನಲ್ಲಿಯಲ್ಲಿ ನೀರು ಬರಲು ಇನ್ನೂ ಮೂರು ದಿನ. ಇಡೀ ಗಲ್ಲಿಯಲ್ಲಿ ನೀರು ಉಳಿದಿದ್ದುದು ಇವಳ ಮಂಚದ ಹಿಂದೆ ಮಾತ್ರ. ಪಕ್ಕದ ಮನೆಯ ಟಾರ್ಚಕ್ಕನ ಹೆಣ ತೊಳೆಯಲು ಅದೇ ಬೇಕಾಯಿತು.

“ನಿಮ್ಮನೇಲಿ ಡ್ರಮ್ಮಿತ್ತಾ?” ಅಂಗಳದಲ್ಲಿದ್ದ ಮುದುಕಿ ಬಿಂದಿಗೆ ಇಳಿಸಿಕೊಂಡಳು. “ಪುಣ್ಯಾತ್ಗಿತ್ತಿ, ಹೊತ್ತಿಗಾದೆ.”

ದರ್ಜಿ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಹದಿಮೂರು ವರ್ಷ, ಗುರುವಾರ ತಪ್ಪದೆ, ಟಾರ್ಚಕ್ಕ ಮನೆಮನೆಯ ನೀರಿಗೆ ಟಾರ್ಚು ಬಿಟ್ಟು ಸೊಳ್ಳೆಮರಿ ಹುಡುಕುವಳು. ಕಂಡರೆ ಚೆಲ್ಲಿಸುವಳು. ಹೋಗುವಾಗ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುವಳು. ಅವಳ ಸದ್ದು ಕೇಳಿದೊಡನೆ ದರ್ಜಿ ಡ್ರಮ್ಮಿನ ಮೇಲೆ ಬಟ್ಟೆಚೂರುಗಳ ಗಂಟು ಹೇರುವಳು.

“ನಿನ್ನ ಗಂಟು ಬೆವರ್ತಿದೆಯಲ್ಲೇ,” ಎಂದಿದ್ದಳು ಟಾರ್ಚಕ್ಕ ಕಳೆದ ತಿಂಗಳು, ನೆಲದ ಪಸೆ ನೋಡಿ.

“ಅದಕ್ಕೂ ಸೆಕೆ ಅಕ್ಕಾ.”

ಇಬ್ಬರೂ ನಕ್ಕಿದ್ದರು. ಆಮೇಲೆ ದರ್ಜಿ ಮೆಲ್ಲಗೆ ಕೇಳಿದ್ದಳು: “ಇದನ್ನೂ ಚೆಲ್ಲಿದ್ರೆ ಮಗಳಿಗೆ ಏನು ಕುಡಿಸ್ಲಿ?”

ಟಾರ್ಚಕ್ಕ ಗಂಟು ಸರಿಸದೆ ಸೀಮೆಸುಣ್ಣ ತೆಗೆದಿದ್ದಳು. ತಾರೀಖು ಬರೆದು ಹೋಗಿದ್ದಳು.

*

ಟಾರ್ಚಕ್ಕನ ಗಂಡ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. “ನಾಲ್ಕು ದಿನ ಮೈ ಸುಡ್ತಿತ್ತು. ಮೊನ್ನೆ ಬೆಳಿಗ್ಗೆ ತಣ್ಣಗಾಯ್ತು. ಹೊಟ್ಟೆ ಸ್ವಲ್ಪ ನೋವು, ಅಷ್ಟೇ ಅಂದು ಕೆಲಸಕ್ಕೆ ಹೋದ್ಲು. ಡೆಂಗಿಯಲ್ಲಿ ಜ್ವರ ಇಳಿದ ದಿನಾನೇ ಭಯ ಅಂತ ಊರಿಗೆಲ್ಲ ಹೇಳ್ತಿದ್ದೋಳು ಅವಳೇ.”

“ಅಮ್ಮಾ.” ಮಗಳು ಗೋಡೆ ಹಿಡಿದು ನಿಂತಿದ್ದಳು. “ಜ್ವರ ಬಿಡ್ತು.”

“ಸದ್ಯ, ಒಂದಾದ್ರೂ ಒಳ್ಳೇ ಸುದ್ದಿ,” ಎಂದಳು ಮುದುಕಿ.

ದರ್ಜಿ ಮಗಳ ಹಣೆ ಮುಟ್ಟಿದಳು. ತಣ್ಣಗಿತ್ತು.

“ಹೊಟ್ಟೆ?”

“ಸ್ವಲ್ಪ ನೋಯ್ತಿದೆ.”

ಮಗಳ ರಟ್ಟೆ ಹಿಡಿದು ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಹೆಣ ಎತ್ತಿದ್ದರು. ಗಲ್ಲಿಯೋ ಇಬ್ಬರ ಹೆಗಲಗಲ. ರಸ್ತೆಗೆ ಬೇರೆ ದಾರಿಯಿಲ್ಲ.

“ಸ್ವಲ್ಪ ಜಾಗ ಬಿಡ್ರಪ್ಪಾ, ಮಗೂಗೆ...”

“ತಳ್ಳಬೇಡಮ್ಮಾ,” ಚಟ್ಟದ ಹಿಂಬದಿ ಹೊತ್ತವನು ತಿರುಗದೆಯೇ ಹೇಳಿದ. “ಎಲ್ರಿಗೂ ದುಃಖ ಇದೆ.”

ಹೊತ್ತವರು ಹೆಗಲು ಬದಲಿಸಲು ನಿಂತರು. ಅವರ ಬೆನ್ನಿಗೆ ಮುಖ ತಾಗುವಂತೆ ದರ್ಜಿಯೂ ನಿಂತಳು. ಅವರು ಒಂದು ಹೆಜ್ಜೆ ಇಟ್ಟಾಗ, ಮಗಳನ್ನು ಅವಚಿಕೊಂಡು, ಒಂದು ಹೆಜ್ಜೆ ಇಟ್ಟಳು.