ಹತ್ತು ಮೆಟ್ಟಿಲು

ಸೊಂಟದ ಹಿಂದೆ ಒಂದು ದಿಂಬು ಸಿಕ್ಕಿಸಿ ನಾದಿನಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ಎದುರಿಗೆ ಗಂಡನ ದೇಹವನ್ನು ಮಲಗಿಸಿದ್ದರು. ಬಂದವರೆಲ್ಲ ಹೆಚ್ಚುಕಡಿಮೆ ಅವನ ರೋಗಿಗಳೇ. ಬೆನ್ನುನೋವು, ಮಂಡಿನೋವು ಎಂದು ವರ್ಷಗಟ್ಟಲೆ ನಿದ್ದೆಗೆಟ್ಟವರು. ಆಸ್ಪತ್ರೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಸಮ್ಮೋಹನ ಚಿಕಿತ್ಸೆ ಕೊಡುತ್ತಿದ್ದ ಅವನನ್ನು 'ನಿದ್ದೆ ಮೇಷ್ಟ್ರು' ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ನಿದ್ದೆ ಹಂಚಿದ ಮೇಷ್ಟ್ರ ಹೆಂಡತಿ ಹದಿನೆಂಟು ವರ್ಷಗಳಿಂದ ಸೊಂಟನೋವಿನಲ್ಲಿ ಮಗ್ಗುಲು ಬದಲಿಸುತ್ತಲೇ ಬೆಳಗು ಮಾಡುತ್ತಿದ್ದುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನೋವು ಹೋಗ್ಲಿಲ್ಲಮ್ಮ, ಸುಳ್ಳು ಯಾಕೆ ಹೇಳ್ಲಿ," ಎಂದ ಒಬ್ಬ ಬಡಗಿ. "ಆದ್ರೆ ಮಲಗೋಕೆ ಇದ್ದ ಭಯ ಹೋಯ್ತು. ಮನೇಲಿ ಎಲ್ಲರ ಮೇಲೂ ಸಿಡುಕ್ತಿದ್ದೆ, ಅದೂ ನಿಂತೋಯ್ತು. ನಿಮಗೇನು ಬಿಡಿ, ದಿನಾ ಕೇಳಿರ್ತೀರ ಆ ದನಿ."

"ಇಲ್ಲ," ಎಂದಳು. "ನಂಗೆ ಹೇಳ್ಲಿಲ್ಲ."

*

ಒಂದು ಸಲ ಹೇಳಿದ್ದ, ಸಮ್ಮೋಹನ ಹೊಸದಾಗಿ ಕಲಿತು ಬಂದ ವಾರ. ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡು, "ಕಣ್ಣು ಮುಚ್ಚು. ಕೈಕಾಲು ಹಗುರ ಆಗ್ತಿವೆ," ಎಂದ. ಬಚ್ಚಲಿನ ನಲ್ಲಿ ಸರಿಯಾಗಿ ನಿಲ್ಲಿಸಲಿಲ್ಲವೆಂದು ಬೆಳಗ್ಗೆಯಷ್ಟೇ ಕೂಗಾಡಿದ್ದ ಬಾಯಿಂದ ಅಂಥ ನಯವಾದ ದನಿ ಬಂದದ್ದೇ ತಡ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಎದ್ದು ಸ್ಟೂಲನ್ನು ಅಡುಗೆಮನೆಯಲ್ಲಿಟ್ಟು ಬಂದ.

ಮತ್ತೆಂದೂ ಅವನು ಕೂರಲಿಲ್ಲ, ಅವಳೂ ಕರೆಯಲಿಲ್ಲ. ಇಬ್ಬರಿಗೂ ಬಿಗುಮಾನ. ಸೊಂಟಕ್ಕಿಂತ ಆ ನಗುವೇ ಅವಳನ್ನು ಹೆಚ್ಚು ನೋಯಿಸಿದ್ದು.

*

ಬಡಗಿ ಫೋನ್ ತೆಗೆದು, ದನಿ ಸಣ್ಣದು ಮಾಡಿ ಅವಳ ಮಡಿಲಲ್ಲಿಟ್ಟ. "ರೆಕಾರ್ಡ್ ಮಾಡ್ಕೊಟ್ಟಿದ್ರು. ಕೇಳಿ."

"ಹತ್ತು ಮೆಟ್ಟಿಲಿವೆ," ಎಂದಿತು ಗಂಡನ ದನಿ. "ನಿಧಾನ ಇಳಿಯೋಣ. ಹಸಿರು ಕಂಬಿ ಹಿಡ್ಕೊಳ್ಳಿ. ಏಳನೇದು ಸ್ವಲ್ಪ ಮುರಿದಿದೆ. ಅವಸರ ಬೇಡ, ನಾನಿದೀನಿ."

"ಎಲ್ಲರಿಗೂ ಇದೇ ಮೆಟ್ಟಿಲು," ಎಂದ ಬಡಗಿ. "ಏಳನೇದು ರಿಪೇರಿ ಮಾಡ್ಕೊಡ್ಲಾ ಸಾರ್ ಅಂತ ಕೇಳಿದ್ದೆ. ಬೇಡಪ್ಪ, ಅಲ್ಲೇ ಕೈ ಹಿಡ್ಕೊಳ್ಳೋದು ಅಂದ್ರು."

ಅದು ಮದುವೆಯಾದ ಹೊಸತರಲ್ಲಿ ಅವರಿಬ್ಬರು ಬಾಡಿಗೆಗಿದ್ದ ಮಹಡಿಕೋಣೆಯ ಮೆಟ್ಟಿಲು. ಏಳನೆಯದರ ಹತ್ತಿರ ಅವನು ತಿರುಗಿ ನಿಂತು ಕೈ ಚಾಚುತ್ತಿದ್ದ. ಅವಳು ಮರೆತೇಬಿಟ್ಟಿದ್ದಳು.

ಈ ಸಲ ಅವಳು ನಗಲಿಲ್ಲ. ಕಣ್ಣು ಮುಚ್ಚಿದಳು. ದನಿ ಒಂದೊಂದಾಗಿ ಎಣಿಸುತ್ತ ಹೋಯಿತು. ಅವಳ ಭುಜ ಸಡಿಲವಾಯಿತು, ತಲೆ ವಾಲಿತು, ಉಸಿರು ನಿಧಾನವಾಯಿತು. ಬಲಗೈ ಮಾತ್ರ ಮಡಿಲಿನಿಂದ ಎದ್ದು ಮುಂದಕ್ಕೆ ಚಾಚಿಕೊಂಡಿತು.

ಹೊರಗೆ ಶವದ ವ್ಯಾನ್ ಬಂದು ನಿಂತಿತು. ನಾದಿನಿ ಒಳಗೆ ಬಂದು, "ಅತ್ತಿಗೆ, ಹೊತ್ತಾಯ್ತು," ಎನ್ನುತ್ತ ಎಬ್ಬಿಸಲು ಬಗ್ಗಿದಳು.

ಬಡಗಿ ಕೈ ಅಡ್ಡ ಹಿಡಿದ.

"ತಡೀರಮ್ಮ," ಎಂದು ಪಿಸುಗುಟ್ಟಿದ. "ಇನ್ನೂ ಮೂರು ಮೆಟ್ಟಿಲಿದೆ."